ಊರಿನ ಒಳ್ಳೆ ಸೇತುವೆಗೊಂದು ಸನ್ಮಾನ: ಎಲ್ರೂ ಕೇಳ್ತಿರುವ ಪ್ರಶ್ನೆಗಳು

ಈ ಸಲ ಸೆಪ್ಟೆಂಬರ್ 15ಕ್ಕೆ, ಅಂದ್ರೆ ಇಂಜಿನಿಯರ್ಸ್ ಡೇಗೆ, ನಮ್ಮ ಊರಿನ ಗ್ರಂಥಾಲಯದ ಲೆಕ್ಕದಲ್ಲಿ ಕಾಸರಗೋಡು ಜಿಲ್ಲೆಯ ಒಂದು ಒಳ್ಳೆ ಸೇತುವೆಯೋ ರಸ್ತೆಯೋ ಹುಡುಕಿ ಸನ್ಮಾನ ಮಾಡುವ ಅಂತ ನಾವು ನಾಲ್ಕು ಜನ ಚಾ ಕುಡಿತಾ ತೀರ್ಮಾನ ಮಾಡಿದ್ದು ಹೌದು. ಮರುದಿನದಿಂದ ನನ್ನ ಫೋನಿಗೆ ರೆಸ್ಟ್ ಇಲ್ಲ. ನಾನು ಸಿವಿಲ್ ಡಿಪ್ಲೊಮಾ ಮಾಡಿ ಸುಮಾರು ವರ್ಷ ಸೈಟಲ್ಲಿ ಸುಪರ್ವೈಸರ್ ಆಗಿದ್ದವ, ಈಗ ಬದಿಯಡ್ಕದ ಹತ್ರ ಅಡಿಕೆ ತೋಟ ನೋಡ್ಕೊಂಡು ಇದ್ದೇನೆ, ಹಾಗಾಗಿ ಉತ್ತರ ಕೊಡುವ ಕೆಲಸ ನನ್ನ ತಲೆಗೇ ಬಂತು. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಯ್ತು, ಒಟ್ಟಿಗೇ ಬರ್ದು ಹಾಕ್ತಾ ಇದ್ದೇನೆ.

ಸೇತುವೆಗೆ ಎಂತ ಸನ್ಮಾನ ಮಾರಾಯ್ರೆ, ಶಾಲು ಕಂಬಕ್ಕೆ ಹೊದಿಸುದಾ?

ಇದನ್ನು ಕೇಳದ ಜನ ಇಲ್ಲ. ಶಾಲು ಯಾರಿಗೆ ಅಂತ ನಮ್ಮಲ್ಲೇ ಎರಡು ಮೀಟಿಂಗ್ ಜಗಳ ಆಯ್ತು. ಯಾಕಂದ್ರೆ ಒಂದು ಸೇತುವೆಯ ಹಿಂದೆ ಡಿಸೈನ್ ಮಾಡಿದವ ಒಬ್ಬ, ಅವ್ನ ಲೆಕ್ಕ ಸರಿ ಉಂಟಾ ಅಂತ ಪುನಃ ತಾಳೆ ನೋಡುವವ ಇನ್ನೊಬ್ಬ, ಕಂಟ್ರಾಕ್ಟರ್ ಮತ್ತೊಬ್ಬ, ಬಿಸಿಲಲ್ಲಿ ನಿಂತು ಕಾಂಕ್ರೀಟ್ ಹಾಕಿಸಿದ ಸೈಟ್ ಇಂಜಿನಿಯರ್ ಬೇರೆ, ಮತ್ತೆ ರಾಡ್ ಕಟ್ಟಿದ ಬಂಗಾಳ ಒಡಿಶಾದ ಹುಡುಗ್ರು. ಆ ಹುಡುಗ್ರ ಹೆಸ್ರು ಯಾವ ಶಿಲಾಫಲಕದಲ್ಲೂ ಬರುದಿಲ್ಲ, ಉದ್ಘಾಟನೆ ಮಾಡಿದವ್ರದ್ದು ಮಾತ್ರ ದೊಡ್ಡಕ್ಷರದಲ್ಲಿ ಇರ್ತದೆ. ಕೊನೆಗೆ ನಾವು ಮಾಡಿದ ತೀರ್ಮಾನ: ಸೇತುವೆಯ ಹತ್ರವೇ ಸಣ್ಣ ಕಾರ್ಯಕ್ರಮ, ಕೆಲಸ ಮಾಡಿದವ್ರು ಯಾರೆಲ್ಲ ಸಿಕ್ತಾರೋ ಅವ್ರಿಗೆಲ್ಲ ಒಂದೊಂದು ಮುಟ್ಟಾಳೆ, ಅಂದ್ರೆ ಅಡಿಕೆ ಹಾಳೆಯ ಟೊಪ್ಪಿ. ಶಾಲಿಗಿಂತ ಅದೇ ಉಪಕಾರದ್ದು.

ಇಂಥ ಪ್ರಶಸ್ತಿ ನಿಜವಾಗಿ ಎಲ್ಲಿಯಾದ್ರೂ ಉಂಟಾ ಅಥ್ವಾ ನಿಮ್ಮದೇ ಐಡಿಯಾವಾ?

ಬೇಕಾದಷ್ಟು ಉಂಟು. ಅಮೆರಿಕದಲ್ಲಿ ಉಕ್ಕಿನ ಸೇತುವೆಗಳಿಗೆ 1928ರಿಂದಲೇ ಬಹುಮಾನ ಕೊಡ್ತಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಐಎಬಿಎಸ್ಇ ಅಂತ ಸೇತುವೆ ಇಂಜಿನಿಯರುಗಳ ಒಂದು ಅಂತರರಾಷ್ಟ್ರೀಯ ಸಂಘ ಉಂಟು, 1929ರಲ್ಲಿ ಶುರುವಾದ್ದು, ಅವ್ರ ಔಟ್‌ಸ್ಟ್ಯಾಂಡಿಂಗ್ ಸ್ಟ್ರಕ್ಚರ್ ಅವಾರ್ಡ್ ಅಂದ್ರೆ ಈ ಫೀಲ್ಡಲ್ಲಿ ದೊಡ್ಡ ಮಾತು. ಫ್ರಾನ್ಸಿನ ಮಿಲೋ ಸೇತುವೆಗೆ 2006ರಲ್ಲಿ ಸಿಕ್ಕಿದ್ದು ಅದೇ, 343 ಮೀಟರ್ ಎತ್ತರದ್ದು, ಮೋಡದ ಮೇಲೆ ಕಾರು ಹೋಗುವ ಫೋಟೋ ನೀವೆಲ್ಲ ಗುಡ್ ಮಾರ್ನಿಂಗ್ ಮೆಸೇಜಲ್ಲಿ ನೋಡಿರ್ತೀರಿ. ನಮ್ಮ ದೇಶದಲ್ಲಿ ಕೇಂದ್ರದ ಹೆದ್ದಾರಿ ಮಂತ್ರಾಲಯ 2018ರಿಂದ ನ್ಯಾಷನಲ್ ಹೈವೇಸ್ ಎಕ್ಸಲೆನ್ಸ್ ಅವಾರ್ಡ್ ಅಂತ ಶುರು ಮಾಡಿದೆ, ಅದ್ರಲ್ಲಿ ಪ್ರಾಜೆಕ್ಟ್ ಮ್ಯಾನೇಜ್ಮೆಂಟ್, ಹೆದ್ದಾರಿ ಸುರಕ್ಷತೆ, ಟೋಲ್ ಪ್ಲಾಜಾ ನಡೆಸುದು ಅಂತೆಲ್ಲ ಬೇರೆ ಬೇರೆ ವಿಭಾಗ. ಟೋಲ್ ಪ್ಲಾಜಾಕ್ಕೂ ಪ್ರಶಸ್ತಿ ಉಂಟು ಅಂದ್ರೆ ನಂಬ್ಲೇಬೇಕು.

ಆದ್ರೆ ಅದೆಲ್ಲ ಕಟ್ಟಿದವ್ರು, ಕಟ್ಟಿಸಿದವ್ರು, ಅವ್ರ ಸಂಘದವ್ರು ಸೇರಿ ಕೊಡುದು. ಅದ್ರ ಮೇಲೆ ದಿನಾ ಹೋಗುವವ್ರು, ಕೆಳಗೆ ನೀರು ನುಗ್ಗಿಸಿಕೊಳ್ಳುವವ್ರು ಕೊಡುವ ಪ್ರಶಸ್ತಿ ನಾನು ಎಲ್ಲೂ ನೋಡ್ಲಿಲ್ಲ. ನಮ್ದು ಅದು.

ಒಳ್ಳೆ ಡಿಸೈನ್ ಅಂದ್ರೆ ಚಂದ ಕಾಣುದು ಅಂತಲಾ?

ಚಂದ ಬೇಡ ಅಂತ ಹೇಳುದಿಲ್ಲ. ಆದ್ರೆ ಇಟಲಿಯ ಜಿನೋವಾದಲ್ಲಿ ರಿಕಾರ್ಡೊ ಮೊರಾಂಡಿ ಅಂತ ಹೆಸ್ರುವಾಸಿ ಇಂಜಿನಿಯರ್ ಡಿಸೈನ್ ಮಾಡಿದ ಸೇತುವೆ ಇತ್ತು, 1967ರಲ್ಲಿ ಓಪನ್ ಆದ್ದು, ಆ ಕಾಲದಲ್ಲಿ ಎಲ್ರೂ ಬಾಯಿಗೆ ಬೆರಳಿಟ್ಟು ನೋಡಿದ್ದು. ಎಳೆದು ಹಿಡಿಯುವ ಉಕ್ಕಿನ ಕೇಬಲುಗಳನ್ನು ಅವ್ರು ಕಾಂಕ್ರೀಟಿನ ಒಳಗೆ ಮುಚ್ಚಿ ಬಿಟ್ಟಿದ್ರು. ನೋಡ್ಲಿಕ್ಕೆ ನೀಟು, ಆದ್ರೆ ಒಳಗೆ ತುಕ್ಕು ಹಿಡಿದ್ರೆ ಹೊರಗಿಂದ ಗೊತ್ತಾಗುದು ಹೇಗೆ? 2018ರ ಆಗಸ್ಟ್ 14ಕ್ಕೆ ಮಳೆ ಬರುವಾಗ ಒಂದು ಭಾಗ ಬಿತ್ತು, 43 ಜನ ಸತ್ತರು.

ಇದನ್ನು ಯಾಕೆ ಹೇಳಿದೆ ಅಂದ್ರೆ ನಮ್ದು ಕಡಲಬದಿ. ಕುಂಬಳೆ ಮೊಗ್ರಾಲಲ್ಲಿ ಮನೆಯ ಕಿಟಕಿ ಸರಳೇ ಹತ್ತು ವರ್ಷಕ್ಕೆ ಪೊರೆ ಪೊರೆ ಏಳುವಾಗ ಹೊಳೆಯ ಬಾಯಲ್ಲಿ ನಿಂತ ಸೇತುವೆಯ ಗತಿ ಎಂತ ಆಗ್ಲಿಕ್ಕುಂಟು. ಉಪ್ಪುಗಾಳಿ ಕಾಂಕ್ರೀಟಿನ ಒಳಗೆ ಮೆಲ್ಲ ಇಳಿದು ರಾಡಿಗೆ ತಾಗ್ತದೆ, ತುಕ್ಕು ಹಿಡಿದ ರಾಡು ಉಬ್ಬುತ್ತದೆ, ಉಬ್ಬಿದಾಗ ಕಾಂಕ್ರೀಟು ಚಕ್ಕೆ ಎದ್ದು ಬೀಳ್ತದೆ. ಅದಕ್ಕೇ ರಾಡಿನ ಹೊರಗೆ ಎಷ್ಟು ದಪ್ಪದ ಕಾಂಕ್ರೀಟ್ ಕವರ್ ಉಂಟು ಅನ್ನುದು ಇಲ್ಲಿ ಪೈಂಟಿಂಗಿಗಿಂತ ದೊಡ್ಡ ವಿಷಯ. ಪುನಃ, ಅಡಿಗೆ ಇಳಿದು ಬೇರಿಂಗ್, ಅಂದ್ರೆ ಕಂಬದ ತಲೆಯಲ್ಲಿ ಸೇತುವೆ ಕೂರುವ ಮೆತ್ತೆ, ನೋಡ್ಲಿಕ್ಕೆ ದಾರಿ ಇಟ್ಟಿದ್ದಾರಾ? ಸೇತುವೆಯ ಅಡಿಗೆ ಮನುಷ್ಯ ಹೋಗ್ಲಿಕ್ಕೇ ಆಗುದಿಲ್ಲ ಅಂದ್ರೆ ಅದನ್ನು ಇನ್ನು ಯಾರೂ ನೋಡುದಿಲ್ಲ ಅಂತಲೇ ಅರ್ಥ, ನಮ್ಮಲ್ಲಿ ಅದಕ್ಕೆ ಮಾರ್ಕ್ ಕಟ್.

ಹಾಗಾದ್ರೆ ನೀವು ಮೊದ್ಲು ನೋಡುದು ಎಂತ?

ನೀರು. ಎರಡನೇದೂ ನೀರು. ಮೂರನೇದು ಬೇಕಾದ್ರೆ ಬೇರೆ ನೋಡುವ.

ಒಂದು ಲೆಕ್ಕ ಹೇಳ್ತೇನೆ. ಆರು ಲೇನ್ ರಸ್ತೆ ಸುಮಾರು 27 ಮೀಟರ್ ಅಗಲ ಅಂತ ಹಿಡಿರಿ, ಒಂದು ಕಿಲೋಮೀಟರ್ ಉದ್ದ, ಆಟಿ ತಿಂಗಳ ಒಂದು ಜೋರು ಮಳೆಗೆ ಗಂಟೆಯಲ್ಲಿ 50 ಮಿಲಿಮೀಟರ್ ಬಿತ್ತು. ಹದಿಮೂರೂವರೆ ಲಕ್ಷ ಲೀಟರ್ ನೀರು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ನೂರಹತ್ತಕ್ಕಿಂತ ಹೆಚ್ಚು ತಂದು ಒಂದೇ ಗಂಟೆಯಲ್ಲಿ ಸುರಿದ ಹಾಗೆ. ಮೊದ್ಲು ಈ ನೀರು ಗದ್ದೆಗೆ, ತೋಡಿಗೆ, ಯಾರ್ಯಾರದೋ ತೋಟಕ್ಕೆ ಅದರಷ್ಟಕ್ಕೆ ಹೋಗ್ತಿತ್ತು. ಈಗ ಎತ್ತರದ ಗೋಡೆ ಕಟ್ಟಿ ಅದ್ರ ಮೇಲೆ ರಸ್ತೆ ಮಾಡಿದ್ರೆ ಅಷ್ಟೂ ನೀರು ಚರಂಡಿಗೇ ಹೋಗ್ಬೇಕು, ಚರಂಡಿ ಎಲ್ಲಿಗೆ ಹೋಗ್ತದೆ ಅಂತ ಡ್ರಾಯಿಂಗಲ್ಲಿ ಇರ್ಬೇಕು, ಡ್ರಾಯಿಂಗಲ್ಲಿ ಇದ್ದದ್ದು ನೆಲದಲ್ಲೂ ಇರ್ಬೇಕು. ನಾನು ಒಂದ್ಕಡೆ ನೋಡಿದ್ದು, ಚರಂಡಿ ಬಹಳ ಚಂದ ಮಾಡಿ ಮೇಲೆ ಸ್ಲ್ಯಾಬ್ ಎಲ್ಲ ಹಾಕಿ ಕೊನೆಗೆ ತಂದು ನಿಲ್ಲಿಸಿದ್ದು ಒಬ್ಬರ ಮನೆಯ ಬಾವಿಕಟ್ಟೆಯ ಹಿಂದೆ. ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಕೇಳಿದ್ರೆ ಅವ ಇವನನ್ನು ತೋರಿಸ್ತಾನೆ, ಇವ ಅವನನ್ನು.

ರಸ್ತೆಗೆ ಅಡ್ಡಕ್ಕೆ ಎರಡೂವರೆ ಪರ್ಸೆಂಟ್ ಇಳಿಜಾರು ಕೊಡ್ತಾರೆ, ಅಂದ್ರೆ ಒಂದು ಮೀಟರಿಗೆ 25 ಮಿಲಿಮೀಟರ್. ಕಣ್ಣಿಗೆ ಕಾಣುದೇ ಇಲ್ಲ, ಆದ್ರೆ ಅದು ಸರಿ ಇಲ್ಲದಿದ್ರೆ ರಾತ್ರಿ ಮಳೆಗೆ ಗಾಡಿ ನೀರಿನ ಮೇಲೆ ತೇಲಿದ ಹಾಗೆ ಆಗ್ತದೆ, ಸ್ಟಿಯರಿಂಗ್ ಕೈಯಲ್ಲಿದ್ದೂ ಇಲ್ಲದ ಹಾಗೆ. ಸೇತುವೆಯಲ್ಲಾದ್ರೆ ನೀರು ಇಳಿಯುವ ಪೈಪು ನೋಡಿ. ಪೈಪು ಗರ್ಡರಿನ (ರಸ್ತೆಯನ್ನು ಹೊರುವ ಉದ್ದ ತೊಲೆ) ಅಡಿಯಿಂದಲೂ ಒಂದು ಮೊಳ ಕೆಳಗೆ ಬಂದಿರ್ಬೇಕು. ಗಿಡ್ಡ ಇದ್ದರೆ ನೀರು ಗರ್ಡರಿನ ಮೈಯಲ್ಲೇ ಇಳಿತದೆ, ಆ ಜಾಗದಲ್ಲಿ ಕಪ್ಪು ಹಸಿರು ಪಾಚಿಯ ಗೆರೆ ಬಂದಿರ್ತದೆ, ಸೇತುವೆಗೆ ಹುಷಾರಿಲ್ಲ ಅಂತ ತಿಳಿಲಿಕ್ಕೆ ಅಷ್ಟು ಸಾಕು. ಇನ್ನೂರು ರೂಪಾಯಿಯ ಪೈಪಿನ ತುಂಡು ಮಾರಾಯ್ರೆ.

ಮತ್ತೆ ಗುಡ್ಡ. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಶೇಡಿ ಅನ್ನುವ ಮೆದು ಜೇಡಿಮಣ್ಣು, ಬಾವಿ ತೋಡಿದ ಯಾರಿಗೂ ಗೊತ್ತು. ಮುರಕಲ್ಲಿನ ಗಟ್ಟಿತನ ನೋಡಿ ಗುಡ್ಡವನ್ನು ನೆಟ್ಟಗೆ ಕೊಯ್ದರೆ ಅಡಿಯ ಶೇಡಿ ಮಳೆ ನೀರು ಕುಡಿದು ಬೆಣ್ಣೆ ಆಗ್ತದೆ, ಮೇಲಿನದ್ದು ಕೂತು ಬಿಡ್ತದೆ. ಚೆರ್ವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಹೈವೇಗೆ ಜರಿದದ್ದು ಎಲ್ರೂ ನೋಡಿದ್ದೀರಿ. ಅದಕ್ಕಿಂತ ಮೊದ್ಲು, ಅದೇ ವರ್ಷ ಮೇಯಲ್ಲಿ, ಮಲಪ್ಪುರಂ ಜಿಲ್ಲೆಯ ಕೂರಿಯಾಡಲ್ಲಿ ಗದ್ದೆಯ ಮೆದು ಮಣ್ಣಿನ ಮೇಲೆ ಎತ್ತರಕ್ಕೆ ಮಣ್ಣು ತುಂಬಿಸಿದ ರಸ್ತೆ ಕುಸಿದು ಸರ್ವಿಸ್ ರೋಡಿಗೆ ಬಿತ್ತು. ಎರಡೂ ಕಡೆ ಸಿಮೆಂಟಿನ ತಪ್ಪಲ್ಲ, ಮಣ್ಣನ್ನು ಮಾತಾಡಿಸದೇ ಕೆಲಸ ಶುರು ಮಾಡಿದ್ದು ಅಂತ ನನ್ನ ಅಭಿಪ್ರಾಯ.

ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಡಿಸೈನ್ ಮಾಡಿದ್ದೇವೆ ಅಂತಾರಲ್ಲ, ಮತ್ತೆ ಎಂತ ಹೆದರಿಕೆ?

ಅದನ್ನು ತಪ್ಪು ಅರ್ಥ ಮಾಡುವವ್ರೇ ಜಾಸ್ತಿ. ಈ ವರ್ಷ ಬಂದ್ರೆ ಇನ್ನು ನೂರು ವರ್ಷ ಬರುದಿಲ್ಲ ಅಂತ ಅಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಬರುವ ಚಾನ್ಸ್ ಉಂಟು ಅಂತ. ಮೂವತ್ತು ವರ್ಷದ ಲೆಕ್ಕ ಹಾಕಿದ್ರೆ ಒಮ್ಮೆಯಾದ್ರೂ ಬರುವ ಚಾನ್ಸ್ ಸುಮಾರು 26 ಪರ್ಸೆಂಟ್, ಅಂದ್ರೆ ನಾಲ್ಕರಲ್ಲಿ ಒಂದು. ಮನೆ ಸಾಲ ತೀರುವುದರೊಳಗೆ ನೋಡ್ಲಿಕ್ಕೆ ಸಿಕ್ಕಿದ್ರೂ ಸಿಕ್ಕಿತು.

ಸೇತುವೆಗಳು ಲಾರಿಯ ಭಾರಕ್ಕೆ ಮುರಿದು ಬೀಳುದು ಕಮ್ಮಿ, ಹೆಚ್ಚಿನದ್ದು ನೀರು ಕಂಬದ ಬುಡದ ಮಣ್ಣು ತೆಗೆದು ಬೀಳುದು. ಕಡಲಿನಲ್ಲಿ ನಿಂತಾಗ ಅಲೆ ಹಿಂದೆ ಹೋಗುವಾಗ ಹಿಮ್ಮಡಿಯ ಅಡಿಯ ಹೊಯಿಗೆ ಜಾರ್ತದಲ್ಲ, ಅದೇ. ನಮ್ಮ ಜಿಲ್ಲೆಯಲ್ಲಿ ಹೋಗುವ ಇದೇ 66ನೇ ಹೈವೇಯಲ್ಲಿ ಮಹಾರಾಷ್ಟ್ರದ ಮಹಾಡ್ ಹತ್ರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಗೆ ಹೋಯ್ತು, ಬಸ್ಸು ಸಮೇತ ಜನ ಹೋದ್ರು. ಅಲ್ಲಿ ಹೊಸತು 165 ದಿನದಲ್ಲಿ ಕಟ್ಟಿ ಮುಗಿಸಿದ್ರು, ಅದು ಮೆಚ್ಚಬೇಕಾದ್ದೇ. 2024ರ ಆಗಸ್ಟಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಮಧ್ಯರಾತ್ರಿ ಬಿತ್ತು, ಅದೂ ಇದೇ ಹೈವೇ, ಲಾರಿ ಡ್ರೈವರ್ ಪುಣ್ಯಕ್ಕೆ ಬದುಕಿದ.

ಹಾಗಾಗಿ ನೀವು ಸೇತುವೆ ಸಜೆಸ್ಟ್ ಮಾಡುವಾಗ ಬೇಸಗೆಯಲ್ಲಿ ಹೊಳೆ ಬತ್ತಿದಾಗ ಕಂಬದ ಬುಡದ ಒಂದು ಫೋಟೋ ಕೂಡ ಕಳಿಸಿ. ಫೌಂಡೇಷನ್ನಿನ ತಲೆ ಹೊರಗೆ ಕಾಣ್ತಾ ಇದ್ರೆ ಪ್ರಶಸ್ತಿಗೆ ಮೊದ್ಲು ಅರ್ಜಿ ಬರೀಬೇಕು.

ಕಾಸರಗೋಡು ಪೇಟೆಯ ಫ್ಲೈಓವರಿಗೇ ಕೊಡಬಹುದಲ್ಲ?

ಲಿಸ್ಟಲ್ಲಿ ಉಂಟು, ಇಲ್ಲ ಅಂತ ಇಲ್ಲ, ಆದ್ರೆ ಕೊಡುದು ಮೂರು ಮಳೆಗಾಲ ಕಳೆದ ಮೇಲೆಯೇ. ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, ಆರು ಲೇನಿನ ಭಾರವನ್ನು ಒಂದೇ ಸಾಲು ಕಂಬ ಹೊತ್ತದ್ದು, ಮಧ್ಯದಲ್ಲಿ ಕಂಬ ಎರಡೂ ಬದಿ ರೆಕ್ಕೆ ಬಿಚ್ಚಿದ ಹಾಗೆ. ಫ್ಯಾಷನ್ನಿಗೆ ಮಾಡಿದ್ದಲ್ಲ ಅದು. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ ಹೈವೇಗೆ 60 ಮೀಟರ್ ಜಾಗ, ಕೇರಳದಲ್ಲಿ 45 ಮೀಟರ್ ಮಾತ್ರ, ಅದ್ರಲ್ಲೇ ಆರು ಲೇನೂ ಆಗ್ಬೇಕು ಎರಡೂ ಬದಿಗೆ ಸರ್ವಿಸ್ ರೋಡೂ ಆಗ್ಬೇಕು. ಎರಡು ಮೂರು ಸಾಲು ಕಂಬ ಹಾಕಿದ್ರೆ ಅಡಿಯ ಜಾಗ ಪೂರಾ ಕಂಬವೇ ಆಗ್ತಿತ್ತು. ಈಗ ಪೇಟೆಯಲ್ಲಿ ಈಚೆ ಬದಿಯ ಅಂಗಡಿಯವನಿಗೆ ಆಚೆ ಬದಿಯ ಅಂಗಡಿ ಕಾಣ್ತದೆ, ಮಳೆ ಬಂದ್ರೆ ಅಡಿಯಲ್ಲಿ ನಿಲ್ಲಬಹುದು, ಜನ ಆಚೆ ಈಚೆ ಹೋಗ್ಬಹುದು. ನನ್ನ ಲೆಕ್ಕದಲ್ಲಿ ಇದೇ ಅದ್ರ ದೊಡ್ಡ ಗುಣ.

ಅದೇ ಬೇರೆ ಊರುಗಳಲ್ಲಿ ಎರಡೂ ಬದಿ ಗೋಡೆ ಕಟ್ಟಿ ಮಣ್ಣು ತುಂಬಿಸಿದಲ್ಲಿ ನೋಡಿ. ಊರು ಎರಡು ತುಂಡು.

ದೊಡ್ಡ ಹೈವೇಯಲ್ಲಿ ದಾಟುವವ್ರಿಗೆ ಎಂತ ಮಾರ್ಕ್?

ಇದಕ್ಕೆ ನಮ್ಮಲ್ಲಿ ಮಾರ್ಕ್ ಹೆಚ್ಚು ಇಟ್ಟದ್ದು ನಾನೇ, ಕಾರಣ ಹೇಳ್ತೇನೆ. ನಮ್ಮ ದೊಡ್ಡಮ್ಮನ ಮನೆ ರಸ್ತೆಯ ಪಡುಬದಿ, ದೇವಸ್ಥಾನ ಮೂಡುಬದಿ. ಮೊದ್ಲು ಸಂಕ್ರಾಂತಿಗೆ ಹೂ ಬುಟ್ಟಿ ಹಿಡ್ಕೊಂಡು ಆಚೆ ಈಚೆ ನೋಡಿ ದಾಟಿ ಹೋಗಿ ಬರ್ತಿದ್ರು, ಎರಡು ನಿಮಿಷದ ಕೆಲಸ. ಈಗ ಅದೇ ಗಂಟೆಯ ಶಬ್ದ ಮನೆ ಜಗಲಿಗೆ ಕೇಳ್ತದೆ, ಹೋಗ್ಬೇಕಾದ್ರೆ ಆಟೋ ಹಿಡಿದು ಅಂಡರ್‌ಪಾಸ್ ವರೆಗೆ ಹೋಗಿ ತಿರುಗಿ ಬರ್ಬೇಕು, ಹೋಗುದು ಬರುದು ಎರಡಕ್ಕೂ ಬಾಡಿಗೆ. ದೊಡ್ಡಮ್ಮ ಈಗ ಜಗಲಿಯಿಂದಲೇ ಕೈ ಮುಗಿತಾರೆ. ನಾನು ಅವ್ರಿಗೆ ವೆಹಿಕಲ್ ಸ್ಪೀಡ್, ಆಕ್ಸಿಡೆಂಟ್ ಕಮ್ಮಿ ಆಗುದು ಎಲ್ಲ ವಿವರಿಸಿ ಹೇಳಿದೆ. "ಅದೆಲ್ಲ ಸರಿ ಮಗಾ, ನಂಗೆ ಅರುವತ್ತು ಹೆಜ್ಜೆ ಇತ್ತು" ಅಂತ ಹೇಳಿದ್ರು.

ಓವರ್‌ಬ್ರಿಡ್ಜ್ ಕಟ್ಟಿಕೊಟ್ರೆ ಆಯ್ತಲ್ಲ ಅಂತ ಕೆಲವರು ಹೇಳ್ತಾರೆ. ಹೈವೇ ಮೇಲೆ ಐದೂವರೆ ಮೀಟರ್ ಎತ್ತರ ಖಾಲಿ ಬಿಡ್ಬೇಕು, ಮೇಲಿನ ದಪ್ಪ ಸೇರಿ ಆರು ಮೀಟರ್ ಅಂತ ಇಟ್ಕೊಳ್ಳಿ, ಮೆಟ್ಟಿಲು 15 ಸೆಂಟಿಮೀಟರಿನದ್ದಾದ್ರೆ ಹತ್ತಲಿಕ್ಕೆ ನಲ್ವತ್ತು, ಇಳಿಲಿಕ್ಕೆ ನಲ್ವತ್ತು. ಗಂಟುನೋವಿನವ್ರು ಹತ್ತುದಿಲ್ಲ, ಶಾಲೆ ಮಕ್ಕಳು ಬ್ಯಾಗ್ ಹೊತ್ತು ಹತ್ತುದಿಲ್ಲ, ಕೊನೆಗೆ ಅದ್ರಲ್ಲಿ ಫ್ಲೆಕ್ಸ್ ಬೋರ್ಡ್ ನೇತಾಡ್ತದೆ. ಮನುಷ್ಯ ಮಟ್ಟಸ ನೆಲದಲ್ಲಿ ಹೋಗ್ಬೇಕು, ಗಾಡಿ ಬೇಕಾದ್ರೆ ಹತ್ತಿ ಇಳೀಲಿ, ಅದಕ್ಕೆ ಇಂಜಿನ್ ಉಂಟಲ್ಲ.

ಸೇತುವೆ ಮೇಲೆ ಹೋಗುವಾಗ ಡಡಕ್ ಡಡಕ್ ಅಂತದೆ, ಕಳಪೆ ಕೆಲಸವಾ?

ಪೂರ್ತಿ ಹಾಗಲ್ಲ. ಬಿಸಿಲಿಗೆ ಕಾಂಕ್ರೀಟ್ ಉದ್ದ ಆಗ್ತದೆ, ಮೂವತ್ತು ಮೀಟರಿನ ಒಂದು ಸ್ಪ್ಯಾನ್ (ಎರಡು ಕಂಬದ ನಡುವಿನ ಭಾಗ) 20 ಡಿಗ್ರಿ ಬಿಸಿ ಏರಿದ್ರೆ ಸುಮಾರು 7 ಮಿಲಿಮೀಟರ್ ಬೆಳಿತದೆ. ಅದಕ್ಕೆ ಜಾಗ ಬಿಡ್ಲೇಬೇಕು, ಆ ಜಾಗಕ್ಕೇ ಎಕ್ಸ್‌ಪಾನ್ಷನ್ ಜಾಯಿಂಟ್ ಅನ್ನುದು. ಸಣ್ಣಗೆ ಟಕ್ ಅಂದ್ರೆ ಸಹಜ, ಸೊಂಟಕ್ಕೆ ತಾಗುವ ಹಾಗೆ ಡಡಕ್ ಅಂದ್ರೆ ಜಾಯಿಂಟಿನ ಲೆವೆಲ್ ತಪ್ಪಿದೆ. ಒಮ್ಮೊಮ್ಮೆ ಸೇತುವೆ ಸರಿ ಇದ್ದು ಅದಕ್ಕೆ ತಾಗಿದ ಮಣ್ಣಿನ ರಸ್ತೆ ಕೂತಿರ್ತದೆ, ಆಗ ಸೇತುವೆ ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಮಾತ್ರ ಹಾರ್ತದೆ. ಹಾಲಿನ ಕ್ಯಾನ್ ತಕ್ಕೊಂಡು ಬೈಕಲ್ಲಿ ಹೋಗುವವ್ರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ನಮ್ಮ ಜಡ್ಜುಗಳಲ್ಲಿ ಒಬ್ರು ಸೊಸೈಟಿಗೆ ಹಾಲು ಹಾಕುವವ್ರೇ.

ಸಣ್ಣ ಸಂಕ, ತೂಗುಸೇತುವೆಗೆಲ್ಲ ಕೊಡ್ತೀರಾ?

ಕೊಡದೇ? ನನ್ನ ಮಟ್ಟಿಗೆ ಅದೇ ಮುಖ್ಯ. ನಾವು ಶಾಲೆಗೆ ಹೋದ್ದು ಎರಡು ಅಡಿಕೆಮರ ಜೋಡಿಸಿ ಬದಿಗೊಂದು ಬಿದಿರು ಕಟ್ಟಿದ ಸಂಕದಲ್ಲಿ. ಮಳೆಗೆ ಜಾರ್ತದೆ ಅಂತ ಅಪ್ಪ ಕತ್ತಿಯಲ್ಲಿ ಮರಕ್ಕೆ ಅಡ್ಡಡ್ಡ ಕಚ್ಚು ಹಾಕಿ ಕೊಟ್ಟಿದ್ರು, ಬರಿಕಾಲಿನ ಹೆಬ್ಬೆರಳು ಸರಿಯಾಗಿ ಆ ಕಚ್ಚಿಗೆ ಕೂರ್ತಿತ್ತು, ಡಿಸೈನ್ ಅಂದ್ರೆ ಅದು. ಎರಡು ಮಳೆಗಾಲಕ್ಕೆ ಮರ ಕುಂಬಾಗ್ತಿತ್ತು, ಪುನಃ ಹೊಸತು.

ನಮ್ಮ ಚಂದ್ರಗಿರಿ ಹೊಳೆಗೇ ಮೇಲೆ ಸುಳ್ಯದ ಕಡೆ ಪಯಸ್ವಿನಿ ಅಂತ ಹೆಸ್ರು. ಅಲ್ಲಿ ಅರಂಬೂರಲ್ಲಿ 1989ರಲ್ಲಿ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಮಾಡಿದ್ದು. ಓದಿದ್ದು ಮೆಕಾನಿಕಲ್ ಇಂಜಿನಿಯರಿಂಗ್, ಸೇತುವೆಯ ಇಂಜಿನಿಯರ್ ಅಲ್ಲವೇ ಅಲ್ಲ. ಅಲ್ಲಿಂದ ಶುರುವಾಗಿ ನೂರಕ್ಕಿಂತ ಹೆಚ್ಚು ತೂಗುಸೇತುವೆ ಬೇರೆ ಬೇರೆ ರಾಜ್ಯಗಳಲ್ಲಿ ಆಯ್ತು, ಕಮ್ಮಿ ಖರ್ಚಲ್ಲಿ, ಊರವ್ರನ್ನೇ ಕೆಲಸಕ್ಕೆ ಸೇರಿಸಿ. 2017ರಲ್ಲಿ ಪದ್ಮಶ್ರೀ ಬಂತು, ಬಂದದ್ದು ಇಂಜಿನಿಯರಿಂಗ್ ವಿಭಾಗದಲ್ಲಿ ಅಲ್ಲ, ಸಮಾಜಸೇವೆ ವಿಭಾಗದಲ್ಲಿ. ಇದು ನಂಗೆ ಒಮ್ಮೆ ಖುಷಿ ಕೊಡ್ತದೆ, ಒಮ್ಮೆ ಕಿರಿಕಿರಿ. ಹೊಳೆಯ ಆಚೆಯ ಮಕ್ಕಳು ಮಳೆಗಾಲದಲ್ಲೂ ಶಾಲೆಗೆ ಬರುವ ಹಾಗೆ ಕಮ್ಮಿ ದುಡ್ಡಲ್ಲಿ ಗಟ್ಟಿ ಸೇತುವೆ ಮಾಡುದು ಇಂಜಿನಿಯರಿಂಗ್ ಅಲ್ಲದಿದ್ರೆ ಮತ್ಯಾವುದು ಮಾರಾಯ್ರೆ.

ಬೋರ್ಡಿನ ಭಾಷೆಗೂ ಮಾರ್ಕ್ ಉಂಟಂತೆ, ಇದ್ರಲ್ಲೂ ಕನ್ನಡ ರಾಜಕೀಯವಾ?

ರಾಜಕೀಯ ಅಲ್ಲ, ಡಿಸೈನ್. ಗಂಟೆಗೆ 100ರಲ್ಲಿ ಹೋಗುವ ಗಾಡಿ ಮೂರು ಸೆಕೆಂಡಲ್ಲಿ 83 ಮೀಟರ್ ಮುಂದೆ ಹೋಗಿರ್ತದೆ, ಅಷ್ಟರೊಳಗೆ ಓದಿ ಅರ್ಥ ಆಗ್ಬೇಕು. ಮಂಜೇಶ್ವರ ಕಾಸರಗೋಡು ಕಡೆ ಕನ್ನಡ ಮಾತ್ರ ಓದ್ಲಿಕ್ಕೆ ಬರುವ ಹಿರಿಯರು ಬೇಕಾದಷ್ಟು ಇದ್ದಾರೆ, ಅವ್ರಿಗೆ ಎಕ್ಸಿಟ್ ತಪ್ಪಿದ್ರೆ ಮತ್ತೆ ತಿರುಗಿ ಬರ್ಲಿಕ್ಕೆ ಎಷ್ಟು ಕಿಲೋಮೀಟರ್ ಅಂತ ದೇವ್ರಿಗೇ ಗೊತ್ತು. ಕನ್ನಡ ಇದ್ದಲ್ಲೂ ಕುಂಬಳೆ ಹೋಗಿ ಕುಂಬ್ಳ, ಮಂಜೇಶ್ವರಕ್ಕೆ ಒಂದು ಸೊನ್ನೆ ಜಾಸ್ತಿ. ಹೆಸ್ರು ಸರಿ ಬರ್ದವ್ರಿಗೆ ಐದು ಮಾರ್ಕ್ ಕೊಡುದು ಹೆಚ್ಚಾಗಿಲ್ಲ.

ಕಳೆದ ವರ್ಷ ಓಪನ್ ಆದ ಹೊಸ ಸೇತುವೆ ಕಳಿಸಬಹುದಾ?

ಇಲ್ಲ. ಮೂರು ಮಳೆಗಾಲ ಕಳೆದಿರ್ಬೇಕು. ಇದ್ರಲ್ಲಿ ಮಾತ್ರ ರಿಯಾಯ್ತಿ ಇಲ್ಲ.

ಕೊಚ್ಚಿಯ ಪಾಲಾರಿವಟ್ಟಂ ಫ್ಲೈಓವರ್ 2016ರ ಅಕ್ಟೋಬರಲ್ಲಿ ಗಮ್ಮತ್ತಿನಲ್ಲಿ ಓಪನ್ ಆಯ್ತು, 2019ರ ಮೇಯಲ್ಲಿ ಬಿರುಕು ಬಿಟ್ಟದ್ದಕ್ಕೆ ಮುಚ್ಚಿದ್ರು, ಇ. ಶ್ರೀಧರನ್ ಅವರ ಮೇಲ್ವಿಚಾರಣೆಯಲ್ಲಿ ಪುನಃ ಕಟ್ಟಿ 2021ರ ಮಾರ್ಚಲ್ಲಿ ಬಿಟ್ಟುಕೊಟ್ಟದ್ದು. ಓಪನ್ ಆದ ವರ್ಷವೇ ಪ್ರಶಸ್ತಿ ಕೊಟ್ಟಿದ್ರೆ ಶಾಲು ವಾಪಸ್ ತರ್ಬೇಕಿತ್ತು. ಅಮೆರಿಕದ ಟಕೋಮಾ ಸೇತುವೆಯಂತೂ 1940ರ ಜುಲೈಯಲ್ಲಿ ಓಪನ್ ಆಗಿ ನವೆಂಬರಲ್ಲಿ ಗಾಳಿಗೆ ತೊಟ್ಟಿಲಿನ ಹಾಗೆ ತೂಗಿ ಬಿದ್ದದ್ದು.

ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ. ನಮ್ಮ ತಲಪಾಡಿ ಚೆಂಗಳ 39 ಕಿಲೋಮೀಟರ್ ಹೈವೇ ಕೆಲಸ ಹ್ಯಾಮ್ ಅನ್ನುವ ಮಾದರಿಯದ್ದು, ಅಂದ್ರೆ ಕೆಲಸ ನಡೆಯುವಾಗ ಸರ್ಕಾರ 40 ಪರ್ಸೆಂಟ್ ಕೊಡ್ತದೆ, ಉಳಿದದ್ದು 15 ವರ್ಷದಲ್ಲಿ ಕಂತು ಕಂತಾಗಿ, ಅಷ್ಟು ವರ್ಷ ರಿಪೇರಿ ನೋಡ್ಬೇಕಾದ್ದು ಕಟ್ಟಿದವ್ರೇ. ಹಾಗಾಗಿ ಹೊಂಡ ಬಿದ್ರೆ "ಇನ್ನು ಯಾರು ಕೇಳ್ತಾರೆ" ಅಂತ ಸುಮ್ನೆ ಕೂರ್ಬೇಡಿ, ಕೇಳಿ.

ಕಂಟ್ರಾಕ್ಟರ್ ಕಡೆಯಿಂದ ಸ್ಪಾನ್ಸರ್ ಉಂಟಾ?

ಒಬ್ರು ಕೇಳಿದ್ರು, ಬೇಡ ಅಂತ ಹೇಳಿದೆವು. ಮುಟ್ಟಾಳೆ ನಮ್ಮ ತೋಟದ ಹಾಳೆಯದ್ದೇ, ಚಾ ತಿಂಡಿಗೆ ಗ್ರಂಥಾಲಯದ ಡಬ್ಬಿಯಲ್ಲಿ ದುಡ್ಡುಂಟು.

ಹೆಸ್ರು ಕಳಿಸುದು ಹೇಗೆ?

ಆಗಸ್ಟ್ ಮುಗಿಯುದರೊಳಗೆ ಗ್ರಂಥಾಲಯದ ರಿಜಿಸ್ಟರಲ್ಲಿ ಬರ್ದು ಹೋಗಿ, ಇಲ್ಲಾಂದ್ರೆ ನಮ್ಮಲ್ಲಿ ಯಾರ ಕೈಯಲ್ಲಾದ್ರೂ ಚೀಟಿ ಕೊಡಿ. ಸೇತುವೆಯಾದ್ರೆ ಮೊದ್ಲು ಹೇಳಿದ ಕಂಬದ ಬುಡದ ಫೋಟೋ ಅಲ್ಲದೆ ಇನ್ನೂ ಮೂರು ಬೇಕು: ಜೋರು ಮಳೆ ಬರುವಾಗ ಮೇಲಿನದ್ದು, ಅಡಿಯಿಂದ ಗರ್ಡರಿನದ್ದು, ನೀರು ಹೋಗಿ ಸೇರುವ ಜಾಗದ್ದು. ಡ್ರೋನ್ ಫೋಟೋ ಬೇಡ, ಅದ್ರಲ್ಲಿ ಎಲ್ಲ ಸೇತುವೆಯೂ ಚಂದವೇ ಕಾಣುದು. ಅಡಿಯ ಫೋಟೋಕ್ಕೆ ತೋಡಿಗೆ ಇಳಿಯುವವ್ರು ಒಬ್ರೇ ಹೋಗ್ಬೇಡಿ, ಸೊಪ್ಪಿನ ಎಡೆಯಲ್ಲಿ ಇಂಬಳ (ಜಿಗಣೆ) ವಿಪರೀತ, ಕಿಸೆಯಲ್ಲಿ ಒಂದು ಮುಷ್ಟಿ ಉಪ್ಪು ಇಟ್ಕೊಳ್ಳಿ.